ಧಕ್ಕೆಯಲ್ಲಿ ಕೇಳುವ ಕೆಲಸ

“ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು?”

ನೇಮಣ್ಣನವರು ಇದನ್ನು ನನ್ನ ಹತ್ತಿರ ಕೇಳುತ್ತಿರಲಿಲ್ಲ, ಯಾರ ಹತ್ತಿರವೂ ಕೇಳುತ್ತಿರಲಿಲ್ಲ. ಹಡಗು ನಿಲ್ಲುವ ಧಕ್ಕೆಯ ಅಂಚಿನಲ್ಲಿ ಮಣೆ ಹಾಕಿಕೊಂಡು, ಕಾವ್ಯದ ಪುಸ್ತಕಕ್ಕೆ ಸುತ್ತಿದ ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಾ, ಹೊಳೆಗೆ ಮುಖ ಮಾಡಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಹಾಗೆ ಗಟ್ಟಿಯಾಗಿ ಕೇಳುವುದು ಅವರ ರೂಢಿ. ಎಲ್ಲಿಗೆ ನಿಲ್ಲಿಸಿದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪುಟದ ನಡುವೆ ತೆಂಗಿನ ಗರಿಯ ಕಡ್ಡಿ ಇರುತ್ತಿತ್ತು. ನನಗೂ ಗೊತ್ತಿತ್ತು. ಆದರೆ ಕೇಳುವವಳು ಬಾಯಿ ತೆರೆಯಬಾರದೆಂಬುದು ಧಕ್ಕೆಯ ಕಟ್ಟಳೆ. ನಾನು ಕೈಮುಗಿದು ಕೂತಿರುತ್ತಿದ್ದೆ. ಹೊಳೆಯಿಂದಲೂ ಉತ್ತರ ಬರಲಿಲ್ಲ ಎಂದು ಖಚಿತವಾದ ಮೇಲೆ ನೇಮಣ್ಣನವರು ಗಂಟಲು ಸರಿಮಾಡಿಕೊಂಡು ಓದಲು ತೊಡಗುತ್ತಿದ್ದರು. ಅವರ ಸ್ವರ ನನ್ನ ಕಿವಿಗೆ ಬಿದ್ದು ಒಳಗೆ ಇಳಿದ ಕೂಡಲೇ ಹಡಗಿನ ಹೊಟ್ಟೆಯಲ್ಲಿದ್ದ ಅಕ್ಕಿ ಮೂಟೆಗಳು ಹಗುರಾಗುತ್ತಿದ್ದವು. ಹಮಾಲರು ಮೂರು ಮೂರು ಮೂಟೆಗಳನ್ನು ತಲೆಯ ಮೇಲೆ ಪೇರಿಸಿಕೊಂಡು, ಮದುವೆಮನೆಗೆ ಹೂವಿನ ಬುಟ್ಟಿ ಒಯ್ಯುವವರ ಹಾಗೆ ಹಲಗೆಯ ಮೇಲೆ ನಡೆದು ಬರುತ್ತಿದ್ದರು.

ನಮ್ಮೂರಿನಲ್ಲಿ ಹೊರೆಗೆ ಮೂರು ಬಗೆಯ ಜನ ಬೇಕು: ಓದುವವರು, ಕೇಳುವವರು, ಹೊರುವವರು. ಓದುವವರಿಗೆ ಹೆಸರು, ಹೊರುವವರಿಗೆ ಕೂಲಿ, ಕೇಳುವವರಿಗೆ ಬೆಲ್ಲ ನೀರು. ಹೊರುವವರೇ ಕೇಳಿದರಾಗದೇ ಎಂದು ಹೊರಗಿನಿಂದ ಬಂದವರು ವಿಚಾರಿಸುವುದುಂಟು. ಹಲಗೆ ಒಂದು ಮೊಳ ಅಗಲ, ಕೆಳಗೆ ಎರಡಾಳು ನೀರು. ಅಲ್ಲಿ ರಾಣಿಯ ದುಃಖಕ್ಕೆ ಕಿವಿಗೊಟ್ಟವನು ರಾಣಿಗಿಂತ ಮೊದಲು ಮುಳುಗುತ್ತಾನೆ. ಓದುವವರಿಗೋ ಉಸಿರಿನ ಲೆಕ್ಕ, ರಾಗದ ಲೆಕ್ಕ, ಮುಂದಿನ ಸಾಲಿನ ಚಿಂತೆ. ತಾವು ಓದಿದ್ದು ತಮಗೆ ಕೇಳಿಸುವುದಿಲ್ಲ. ಆದ್ದರಿಂದ ಸುಮ್ಮನೆ ಕೂತು ಕೇಳುವುದಕ್ಕೇ ಒಬ್ಬರು ಬೇಕು.

ನನಗಿಂತ ಮುಂಚೆ ಆ ಜಾಗದಲ್ಲಿ ಸೂರಪ್ಪಯ್ಯ ಎನ್ನುವ ಮುದುಕರಿದ್ದರು. ಎಪ್ಪತ್ತು ದಾಟಿದ ಮೇಲೆ ಅವರಿಗೆ ತೂಕಡಿಕೆ ಸುರುವಾಯಿತು. ಒಂದು ಬೆಳಿಗ್ಗೆ ಯುದ್ಧದ ಸಂಧಿಯ ನಟ್ಟನಡುವೆ, ಆನೆಗಳು ಘೀಳಿಡುತ್ತಿರುವಾಗಲೇ, ಗೊರಕೆ ಹೊಡೆದುಬಿಟ್ಟರು. ಹಲಗೆಯ ಮೇಲಿದ್ದ ಏಳು ಜನ ಮೂಟೆ ಸಮೇತ ಹೊಳೆಗೆ ಬಿದ್ದರು. ಮೊದಲು ಎದ್ದು ಬಂದವನು ಹಮಾಲರ ಮೇಸ್ತ್ರಿ ಐತಪ್ಪ. ಆಗಿನ್ನೂ ಇಪ್ಪತ್ತೈದರ ಪ್ರಾಯ, ಆದರೆ ಧಕ್ಕೆಯ ಮೇಲೆ ಅವನು ಕೂಗಿದ್ದೇ ಕೂಗು: ಎಡಕ್ಕೆ ಅಂದರೆ ಎಲ್ಲರ ಕಾಲೂ ಎಡಕ್ಕೆ, ನಿಲ್ಲಿ ಅಂದರೆ ಎತ್ತಿದ ಕಾಲು ಎತ್ತಿದಲ್ಲೇ. ಅವನು ಪಂಚೆ ಹಿಂಡಿಕೊಳ್ಳುತ್ತಾ ಬಂದರು ಸಮಿತಿಯವರಿಗೆ ಹೇಳಿದ, “ಅಜ್ಜನಿಗೆ ಹಾಸಿಗೆ ಕೊಡಿ ಮಾರಾಯ್ರೆ, ನಮಗೆ ಕೇಳುವವರನ್ನು ಕೊಡಿ.”

ಹೀಗೆ ಕೇಳುವವರ ಪರೀಕ್ಷೆ ನಡೆಯಿತು. ನನಗೆ ಹತ್ತೊಂಬತ್ತು ವರ್ಷ. ನಮ್ಮಜ್ಜಿ ಬೀಸುವಾಗ ಪದ್ಯ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ, ಕಲ್ಲು ತನ್ನಷ್ಟಕ್ಕೆ ತಿರುಗುತ್ತಿತ್ತು. ಅಷ್ಟೇ ನನ್ನ ವಿದ್ಯಾಭ್ಯಾಸ. ಪರೀಕ್ಷೆಗೆ ಬಂದ ಹದಿನಾಲ್ಕು ಜನರಲ್ಲಿ ಇಬ್ಬರು ಪಂಡಿತರು ಪದಪದಕ್ಕೂ ತಲೆದೂಗಿದರು, ಒಬ್ಬರಂತೂ ಓದುವವರಿಗೆ ಎರಡು ಕಡೆ ಪಾಠ ತಿದ್ದಿಕೊಟ್ಟರು; ಅವರ ಎದುರಿಗಿದ್ದ ಉಪ್ಪಿನ ಚೀಲ ಅಲುಗಲೂ ಇಲ್ಲ. ನನ್ನ ಸರದಿ ಬಂತು. ನನಗೆ ಪರೀಕ್ಷೆ ಮರೆತೇಹೋಯಿತು. ಕಣ್ಣು ಬಿಟ್ಟಾಗ ಐತಪ್ಪ ಚೀಲವನ್ನು ಕಿರುಬೆರಳಿನ ತುದಿಯಲ್ಲಿ ತಿರುಗಿಸುತ್ತಾ ನಿಂತಿದ್ದ. “ಇವಳೇ ಸಾಕು. ಹೆಸರೆಂಥದು?” ಅಂದ. ನಾನು ಹೇಳುವ ಮೊದಲು ಯಾರೋ “ದೇಯಕ್ಕ” ಅಂದರು. ಅಂದಿನಿಂದ ನಲವತ್ತು ವರ್ಷ ನಾನು ಧಕ್ಕೆಯ ದೇಯಕ್ಕ.

ಆ ಕಾಲದಲ್ಲಿ ನಮ್ಮ ಧಕ್ಕೆಯಲ್ಲಿ ದಿನಕ್ಕೆ ನಲವತ್ತು ಹಡಗು ನಿಲ್ಲುತ್ತಿದ್ದವು. ಜಾಗ ಸಾಲದೆ ಒಂದರ ಬೆನ್ನಿಗೆ ಒಂದು ಕಟ್ಟಿಕೊಂಡು, ಆಚೆಯ ಹಡಗಿನವರು ಈಚೆಯ ಹಡಗಿನವರ ಅಡುಗೆಮನೆ ದಾಟಿ ಊರಿಗೆ ಬರಬೇಕಿತ್ತು. ಬೆಳಗಿನ ಮೊದಲ ಹಡಗಿಗೆ ಸರದಿಯ ಸಂಧಿ, ಆಮೇಲೆ ಯಾವ ಸರಕಿಗೆ ಯಾವ ಸಂಧಿ ಎಂಬುದು ಕಟ್ಟುನಿಟ್ಟು. ಅಕ್ಕಿಗೆ ಯುದ್ಧ. ಹಂಚಿಗೆ ವನವಾಸ. ಉಪ್ಪಿಗೆ ಮಂತ್ರಿಗಳ ಆಲೋಚನೆ. ಕಬ್ಬಿಣದ ಲಂಗರಿನಂಥದ್ದಕ್ಕೆ ರಾಣಿಯ ವಿಲಾಪವೇ ಬೇಕು. ಹತ್ತಿಗೆ ಮಾತ್ರ ವಂಶಾವಳಿ. ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ಅರ್ಧ ತಾಸು. ಅದಕ್ಕಿಂತ ಚಂದದ ಭಾಗವನ್ನು ಹತ್ತಿಗೆ ಓದಿದರೆ ಆಮೇಲೆ ಅದನ್ನು ತೆಂಗಿನ ಮರದಿಂದ ಬಿಡಿಸಿಕೊಂಡು ಬರಬೇಕಾಗುತ್ತಿತ್ತು.

ಕಾವ್ಯ ನಮ್ಮೂರಿನದೇ, ಯಾವ ಕಾಲದವನೋ ಒಬ್ಬ ಉಪ್ಪಿನ ವ್ಯಾಪಾರಿ ಬರೆದದ್ದಂತೆ. ಒಟ್ಟು ಮೂವತ್ತೊಂದು ಸಂಧಿ. ರಾಜ್ಯ ಕಳೆದುಕೊಂಡ ಒಬ್ಬ ಅರಸನ ಕತೆ. ಹದಿನೆಂಟನೆಯ ಸಂಧಿಯ ಕೊನೆಗೆ ಅರಸ ವೇಷ ಮರೆಸಿಕೊಂಡು, ತನ್ನದೇ ಬಂದರಿನಲ್ಲಿ ಕೂಲಿಯಾಗಿ, ಗಂಡನ ಮನೆಗೆ ಹೊರಟ ತನ್ನ ಸ್ವಂತ ಮಗಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹಡಗು ಹತ್ತುತ್ತಿದ್ದಾನೆ. ಎದುರಿಗೆ ಮಗಳು ನಿಂತಿದ್ದಾಳೆ. ಅವನು ಮುಖ ತಗ್ಗಿಸುತ್ತಾನೆ. ಅಲ್ಲಿಗೆ ಸಂಧಿ ಮುಗಿಯುತ್ತದೆ. ಮಾರನೆಯ ದಿನ ನೇಮಣ್ಣನವರು ಓದುತ್ತಿದ್ದುದು ಇಪ್ಪತ್ತನೆಯದು. ಅದರಲ್ಲಿ ಅರಸ ಯಾವುದೋ ಮನೆಯ ಚಾವಡಿಯಲ್ಲಿ ಊಟಕ್ಕೆ ಕೂತಿದ್ದಾನೆ! ನಡುವಿನ ಹತ್ತೊಂಬತ್ತನೆಯ ಸಂಧಿಯನ್ನು ಧಕ್ಕೆಯಲ್ಲಿ ಓದಬಾರದು. ಅಜ್ಜಂದಿರ ಕಾಲದಲ್ಲಿ ಒಮ್ಮೆ ಯಾರೋ ಓದಿ, ಎರಡು ಹಾಯಿಕಂಬದ ಹಡಗೊಂದು ಹೊಳೆ ಬಿಟ್ಟೆದ್ದು ಪೇಟೆಯ ಮೇಲಿಂದ ಹೋಯಿತಂತೆ. ನಮ್ಮಜ್ಜಿಗೆ ಆ ಸಂಧಿ ಬಾರದು. ಪುಸ್ತಕ ಇದ್ದುದು ನೇಮಣ್ಣನವರ ಮನೆಯಲ್ಲೊಂದೇ, ಕತೆಯಲ್ಲಿ ಏನಾಯಿತೆಂದು ಅವರನ್ನು ಓದಿನ ಹೊರಗೂ ಕೇಳುವಂತಿಲ್ಲ. ಮಗಳು ಗುರುತು ಹಿಡಿದಳೋ ಇಲ್ಲವೋ? ಇಷ್ಟು ತಿಳಿಯಲು ನಾನು ನಲವತ್ತು ವರ್ಷ ಕಾದಿದ್ದೇನೆ. ಕೇಳುವವಳು ಬಾಯಿ ತೆರೆಯಬಾರದು ಎಂಬ ಕಟ್ಟಳೆಯ ಕಷ್ಟ ಹೊರೆ ಹೊತ್ತವರಿಗೆ ಅರ್ಥವಾಗುವುದಿಲ್ಲ.

ಒಳ್ಳೆಯ ಕಾಲದಲ್ಲಿ ಮನುಷ್ಯನಿಗೆ ಅತಿ ಬುದ್ಧಿ ಬರುತ್ತದೆ. ಬಂದರು ಸಮಿತಿಯವರು ಒಂದು ವರ್ಷ ಧ್ವನಿವರ್ಧಕ ತಂದರು. ಒಂದು ಸಂಧಿಗೆ ನಲವತ್ತೂ ಹಡಗು ಖಾಲಿಯಾಗಲಿ ಎಂದು. ಅದರ ಹಾರ್ನನ್ನು ಕಂಬಕ್ಕೆ ಕಟ್ಟಿದರು. ಅಂದು ಊರಿನಲ್ಲಿ ಯಾರು ಯಾರಿಗೆ ಒಳ್ಳೆಯ ಕಿವಿ ಉಂಟೆಂದು ಊರಿಗೇ ತಿಳಿಯಿತು. ತರಕಾರಿ ಮಾರುವ ಗಿರಿಜಮ್ಮನ ಬೂದುಗುಂಬಳ ಮಾಡಿಗೆ ಹೋಗಿ ಕೂತಿತು. ಮೀನುಪೇಟೆಯ ತಕ್ಕಡಿಗಳೆಲ್ಲ ಎರಡೂ ಕೈ ಮೇಲೆತ್ತಿ ನಿಂತವು. ಶಾನುಭಾಗರ ಹೆಂಡತಿ ಮಾತ್ರ, “ನಮ್ಮ ಮನೆಯಲ್ಲಿ ಒಂದು ಚಮಚವೂ ಅಲುಗಲಿಲ್ಲ, ನಾವೇನು ಪದ್ಯ ಅರ್ಥವಾಗದವರಾ?” ಎಂದು ಮೂರು ದಿನ ಗಂಡನೊಡನೆ ಮಾತು ಬಿಟ್ಟಳು. ಧ್ವನಿವರ್ಧಕ ವಾಪಸು ಹೋಯಿತು.

ಆಮೇಲೆ ಒಳ್ಳೆಯ ಕಾಲವೂ ಹೋಯಿತು. ಭೂಶಿರದ ಆಚೆ ಹೊಸ ಬಂದರು ಕಟ್ಟಿದರು. ಅಲ್ಲಿ ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳು, ಅವನ್ನೆತ್ತುವ ಕ್ರೇನುಗಳು. ಐತಪ್ಪ ಬಸ್ಸು ಹಿಡಿದು ನೋಡಿ ಬಂದ. ಮೂರನೆಯ ದಿನ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, “ಅದಕ್ಕೆ ಕಿವಿಯೇ ಇಲ್ಲ ಮಾರಾಯ್ತಿ. ಆದರೂ ಎತ್ತುತ್ತದೆ!” ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡ ಇನ್ನೊಬ್ಬಳ ಅಡುಗೆಯನ್ನು ಹೊಗಳಿದಾಗ ಹೆಂಗಸರು ಮಾಡುವ ಮುಖ ಮಾಡಿದ್ದ.

ನಲವತ್ತು ಹಡಗು ಹತ್ತಾಯಿತು, ಹತ್ತು ಎರಡಾಯಿತು. ಹೂಳು ತೆಗೆಯುವವರಿಲ್ಲದೆ ಹೊಳೆ ಧಕ್ಕೆಯಿಂದ ದೂರ ಸರಿಯಿತು. ಕೊನೆಗೆ ಬಂದದ್ದು ಒಂದು ಮಂಜಿ, ಹಾಯಿ ಕಟ್ಟಿ ಸರಕು ಸಾಗಿಸುವ ಮರದ ಹಳೇ ಹಡಗು. ಹಂಚು ಇಳಿಸಿದ ಮೇಲೆ ಅದರ ಯಜಮಾನ ಐತಪ್ಪನಿಗೆ, “ಸ್ವಲ್ಪ ನೋಡಿಕೊಂಡಿರು, ಚಾ ಕುಡಿದು ಬರುತ್ತೇನೆ” ಎಂದು ಹೋದ. ಹದಿನಾರು ವರ್ಷವಾಯಿತು, ಚಾ ಮುಗಿದಿಲ್ಲ. ಧಕ್ಕೆಯ ಪಕ್ಕದ ಮಡುವಿನಲ್ಲಿ ಮಂಜಿ ಕೆಸರು ಕಚ್ಚಿ ಕೂತಿತು. ಗೋದಾಮುಗಳ ಮಾಡು ಬಿತ್ತು, ಬಾವಲಿಗಳು ಬಂದವು. ನೇಮಣ್ಣನವರು ಮಾತ್ರ ಬೆಳಿಗ್ಗೆ ಏಳಕ್ಕೆ ಮಣೆ ಹಾಕುವುದನ್ನು ಬಿಡಲಿಲ್ಲ, ನಾನು ಕೈಮುಗಿಯುವುದನ್ನು ಬಿಡಲಿಲ್ಲ. ಹೊರಲು ಏನೂ ಇಲ್ಲದ್ದರಿಂದ ಹತ್ತಿರ ಇದ್ದದ್ದೇ ಹಗುರಾಗುತ್ತಿತ್ತು: ದಡದ ಬೆಣಚುಕಲ್ಲು, ಮಲಗಿದ ನಾಯಿ, ನೇಮಣ್ಣನವರ ಹೆಗಲಿನ ಶಾಲು. ನಾಯಿ ಮೊದಮೊದಲು ಗಾಬರಿಯಾಗುತ್ತಿತ್ತು, ಆಮೇಲೆ ಏಳು ಗಂಟೆಗೆ ಸರಿಯಾಗಿ ತಾನೇ ಬಂದು ಮಲಗುತ್ತಿತ್ತು.

ಮೂರು ವರ್ಷದ ಹಿಂದೆ ಪ್ರವಾಸಿ ತಾಣ ಕಟ್ಟುವ ಕಂಪನಿಯವರು ಬಂದರು. ಊರಿಗೆ ಊರೇ ಖುಷಿಪಟ್ಟಿತು, ಸುಳ್ಳು ಯಾಕೆ ಹೇಳಲಿ, ನಾನೂ ಖುಷಿಪಟ್ಟೆ. ಅಕ್ಕಿ ಗೋದಾಮಿಗೆ ಗಾಜು ಹಾಕಿ ಕಾಫಿ ಅಂಗಡಿ ಮಾಡಿದರು. ಉಪ್ಪಿನ ಗೋದಾಮಿನಲ್ಲಿ ಚಿತ್ರ ತೂಗುಹಾಕಿದರು. ದಡದುದ್ದಕ್ಕೂ ಕಲ್ಲು ಹಾಸಿ ಬೆಂಚು ಇಟ್ಟರು. ಅದಕ್ಕೆ ರಿವರ್ ವಾಕ್ ಎಂದು ಹೆಸರು. ಹಮಾಲರ ಕೇರಿಯನ್ನು ತೆಗೆದು ಎಲ್ಲರಿಗೂ ಗುಡ್ಡದ ಮೇಲೆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಮನೆ ಕೊಟ್ಟರು. ಐತಪ್ಪ ಆ ಮನೆಯಲ್ಲಿ ಒಂದೇ ರಾತ್ರಿ ಇದ್ದದ್ದು. ಬೆಳಿಗ್ಗೆ ಚಾಪೆ ಸುತ್ತಿಕೊಂಡು ಬಂದು ಮಂಜಿಯೊಳಗೆ ಸಂಸಾರ ಹೂಡಿದ. “ಅಲ್ಲಿ ಎಂಥ ತೊಂದರೆ?” ಎಂದು ಕೇಳಿದರೆ, “ನೆಲ ಅಲುಗಾಡುವುದೇ ಇಲ್ಲ ಅಕ್ಕ. ಹೆಣ ಮಲಗಿದ ಹಾಗೆ ಆಗ್ತದೆ” ಅಂದ. ನೀರು ಏರುವ ಭರತದ ಹೊತ್ತಿಗೆ ಮಂಜಿ ದಿನಕ್ಕೆರಡು ಸಲ ಕೆಸರಿನಲ್ಲೇ ನಾಲ್ಕು ಬೆರಳು ಏಳುತ್ತದೆ, ಇಳಿಯುತ್ತದೆ. ಅವನಿಗೆ ಅಷ್ಟು ಬೇಕು. ಬಿರುಕುಗಳಿಗೆ ಗೇರೆಣ್ಣೆ ಬಳಿದು, ನಾರು ತುಂಬಿ, ಮೇಲಿನ ಹಲಗೆಯ ಅಟ್ಟದ ಮೇಲೆ ಬಸಳೆ ಹಬ್ಬಿಸಿ ಸುಖವಾಗಿದ್ದ.

ಕಂಪನಿಯ ವ್ಯವಸ್ಥಾಪಕಿ ಶರ್ಮಿಷ್ಠಾ ಎಂಬ ಹುಡುಗಿ. ಒಳ್ಳೆಯವಳು. ನಾನು ಕೂರುವ ಜಾಗಕ್ಕೆ ತಾನೇ ಒಂದು ದಿಂಬು ತಂದುಕೊಟ್ಟವಳು. ಅವಳಿಗೆ ಆ ಮಂಜಿಯ ಮೇಲೆ ಕಣ್ಣು ಬಿತ್ತು. ಕಾಫಿ ಅಂಗಡಿಯ ಮುಂದೆ ಎತ್ತರದ ಕಟ್ಟೆ ಕಟ್ಟಿ, ಅದರ ಮೇಲೆ ಮಂಜಿಯನ್ನಿಟ್ಟು, ಬಣ್ಣ ಹೊಡೆದು, ಹೊಟ್ಟೆಯೊಳಗೆ ಹಣ್ಣಿನ ರಸದ ಅಂಗಡಿ ತೆರೆಯುವುದು ಅವಳ ಯೋಜನೆ. ಮಂಜಿಯ ಮೇಲೆ ಐತಪ್ಪನಿಗೆ ಕಾಗದಪತ್ರ ಯಾವುದೂ ಇರಲಿಲ್ಲ. ಇದ್ದದ್ದು ‘ಸ್ವಲ್ಪ ನೋಡಿಕೊಂಡಿರು’ ಎಂಬ ಮಾತು ಒಂದೇ. ಆದರೆ ಎತ್ತುವುದು ಹೇಗೆ? ಕ್ರೇನು ತಂದರೆ ಧಕ್ಕೆಯ ಸಡಿಲ ಕಲ್ಲು ಕುಸಿದು ಕ್ರೇನೇ ಮಡುವಿಗೆ ಬೀಳುತ್ತದೆ ಎಂದು ಇಂಜಿನಿಯರು ಹೇಳಿದ. ಆಗ ಅವಳು ನೇಮಣ್ಣನವರ ಮನೆಗೆ ಹೋದಳು. ಆಮೇಲೆ ನನ್ನಲ್ಲಿಗೆ ಬಂದಳು.

“ಮೇಡಂ, ನೀವೇನೂ ಮಾಡ್ಬೇಕಾಗಿಲ್ಲ. ಬಂದು ಕೂತ್ಕೊಂಡು ಕೇಳಿದ್ರೆ ಸಾಕು. ಉದ್ಘಾಟನೆಗೆ ದೊಡ್ಡೋರೆಲ್ಲ ಬರ್ತಾರೆ. ಹಳೇ ಹಮಾಲರು ಎಂಟು ಜನ ಒಪ್ಪಿದ್ದಾರೆ, ಅವರಿಗೆ ಹೊಸ ಮುಂಡಾಸು ಕೊಡ್ಸಿದೀನಿ” ಅಂದಳು.

“ನೇಮಣ್ಣನವರು ಒಪ್ಪಿದರಾ?” ಎಂದೆ.

“ಕೇಳಿದ ತಕ್ಷಣ ಪುಸ್ತಕ ತೆಗೆದ್ರು. ಎಷ್ಟು ಜನ ಬರ್ತಾರೆ ಅಂತ ಮಾತ್ರ ಕೇಳಿದ್ರು.”

ಪಾಪ, ನಲವತ್ತು ವರ್ಷ ಹಮಾಲರಿಗೂ ನಾಯಿಗೂ ಓದಿದವರು. ನಾನು ಯೋಚಿಸಿ ಹೇಳುತ್ತೇನೆಂದು ಅವಳನ್ನು ಕಳಿಸಿ, ನೇರ ಮಂಜಿಗೆ ಹೋದೆ. ಐತಪ್ಪ ಬಸಳೆ ಕೊಯ್ಯುತ್ತಿದ್ದ. ಅವನಿಗೆ ಆಗಲೇ ಗೊತ್ತಿತ್ತು.

“ನಾನು ಹೋಗುವುದಿಲ್ಲ ಐತಪ್ಪ” ಅಂದೆ.

“ಹೋಗಬೇಕು. ನೀನು ಹೋಗದಿದ್ದರೆ ಆ ಹೈಸ್ಕೂಲಿನ ಪದ್ಮಾವತಿ ಟೀಚರನ್ನು ಕರೀತಾರೆ. ಅವಳ ಕಿವಿಯೂ ಒಳ್ಳೆಯದುಂಟು, ಧ್ವನಿವರ್ಧಕದ ದಿನ ಅವಳು ಪಾಯಿಖಾನೆಯ ಚೊಂಬು ಹಿಡಿಯಲಿಕ್ಕೆ ಓಡಿದ್ದನ್ನು ನಾನು ನೋಡಿದ್ದೇನೆ. ನೀನು ಹೋಗು, ಕೂತುಕೋ, ಕೈ ಮುಗಿ. ಆದರೆ ಕೇಳಬೇಡ.”

“ಕೇಳಬೇಡ ಅಂದರೆ?”

“ಕೇಳಬೇಡ ಅಂದರೆ ಕೇಳಬೇಡ! ಕಿವಿಗೆ ಬೀಗ ಹಾಕು. ತೆಂಗಿನಕಾಯಿ ಬೆಲೆ ಎಣಿಸು. ಮಂಜಿ ಏಳದಿದ್ದರೆ, ಹೊಳೆಯಮ್ಮನ ಇಷ್ಟ ಇಲ್ಲ ಅಂತ ಅವರೇ ಬಿಡ್ತಾರೆ.” ಅವನು ಬಸಳೆಯ ಒಂದು ಕಟ್ಟು ನನ್ನ ಕೈಗೆ ತುರುಕಿದ. ನಗುತ್ತಿದ್ದ, ಆದರೆ ಕಟ್ಟನ್ನು ಕೂಡಲೇ ಬಿಡಲಿಲ್ಲ. “ಅಕ್ಕ, ಗುಡ್ಡದ ಮೇಲೆ ನನಗೆ ನಿದ್ರೆ ಬರುವುದಿಲ್ಲ.”

ನಾನು ಮಾತು ಕೊಟ್ಟೆ. ಆಡಿದ ಮಾತು ಎಷ್ಟು ಕಷ್ಟದ್ದೆಂದು ಮನೆಗೆ ಬಂದ ಮೇಲೆ ತಿಳಿಯಿತು. ಕೇಳುವುದು ನನಗೆ ಅಜ್ಜಿ ಕಲಿಸಿದ್ದು, ಕೇಳದಿರುವುದನ್ನು ಯಾರೂ ಕಲಿಸಿರಲಿಲ್ಲ. ಒಂದು ವಾರ ಅಭ್ಯಾಸ ಮಾಡಿದೆ. ರೇಡಿಯೋದಲ್ಲಿ ಭಜನೆ ಹಾಕಿ, ಮುಂದೆ ಅಕ್ಕಿಯ ಡಬ್ಬ ಇಟ್ಟುಕೊಂಡು, ಮಾಡಿನ ಹಂಚು ಎಣಿಸುತ್ತಾ ಕೂತೆ. ಮೊದಲ ದಿನ ಡಬ್ಬ ತೊಲೆಗೆ ತಾಗಿತು. ದೇವರೆದುರು ದೀಪ ಹಚ್ಚಿ, ‘ಸ್ವಾಮಿ, ಇದೊಂದು ಅಪಚಾರಕ್ಕೆ ನನಗೆ ಶಕ್ತಿ ಕೊಡು’ ಎಂದು ಬೇಡಿಕೊಂಡೆ. ಐದನೆಯ ದಿನ ಡಬ್ಬ ಬರೀ ಒಂದು ಗೇಣು ಎದ್ದಿತು. ಏಳನೆಯ ದಿನ ಭಜನೆ ಮುಗಿದದ್ದೇ ನನಗೆ ಗೊತ್ತಾಗಲಿಲ್ಲ, ಡಬ್ಬ ನೆಲ ಬಿಟ್ಟಿರಲಿಲ್ಲ. ಹೆಮ್ಮೆಪಡಬೇಕಿತ್ತು, ಅಳು ಬಂತು.

ಉದ್ಘಾಟನೆಯ ಬೆಳಿಗ್ಗೆ ಚಪ್ಪರ, ಕುರ್ಚಿ, ಬಾವುಟ, ಗಂಧದ ಹಾರ. ಎಂಟು ಜನ ಹಮಾಲರು ಹೊಸ ಮುಂಡಾಸು ಸುತ್ತಿ, ಐತಪ್ಪನಿಗೆ ಮುಖ ತೋರಿಸಲಾರದೆ ನೆಲ ನೋಡುತ್ತಾ, ಮಂಜಿಯ ಕೆಳಗೆ ತೊಲೆಗಳನ್ನು ಕಟ್ಟಿ ಹೆಗಲು ಕೊಟ್ಟು ನಿಂತಿದ್ದರು. ಐತಪ್ಪ ಇಳಿಯುವುದಿಲ್ಲ ಎಂದು ಅಟ್ಟದ ಮೇಲೆ ಗಂಜಿಗೆ ನೀರಿಟ್ಟಿದ್ದ. “ಇರಲಿ ಬಿಡಿ, ಫೋಟೋಗೆ ಚೆನ್ನಾಗಿರುತ್ತೆ. ಕಟ್ಟೆ ಮೇಲೆ ಇಟ್ಟ ಮೇಲೆ ಇಳೀಲಿ” ಅಂದಳು ಶರ್ಮಿಷ್ಠಾ. ಮಡುವಿನಿಂದ ಮೇಲೆ ಬರುವ ಇಳಿಜಾರಿನ ತಲೆಯಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಕಾಫಿ ಅಂಗಡಿ, ಹೊಸ ಕಟ್ಟೆ. ಎಡಕ್ಕೆ ಹೋದರೆ ಹೊಳೆಗಿಳಿಯುವ ಹಳೇ ಜಾರು. ಶರ್ಮಿಷ್ಠಾ ಮೈಕು ಹಿಡಿದು ಬಲಗಡೆ ನಿಂತಳು; ಧ್ವನಿವರ್ಧಕದ ಕತೆ ಕೇಳಿದ್ದವಳು ನೇಮಣ್ಣನವರ ಮುಂದೆ ಮೈಕು ಇಟ್ಟಿರಲಿಲ್ಲ. ನಾನು ದಿಂಬಿನ ಮೇಲೆ ಕೂತು ಕೈ ಮುಗಿದು, ಎದುರಿನ ಚಪ್ಪರದ ಕಂಬಗಳನ್ನು ಎಣಿಸತೊಡಗಿದೆ.

ನೇಮಣ್ಣನವರು ಹೊಸ ಶಾಲು ಹೊದ್ದು ಬಂದರು. ಅಷ್ಟು ಜನರನ್ನು ನೋಡಿ ಅದನ್ನು ಎರಡು ಸಲ ಸರಿಮಾಡಿಕೊಂಡರು. ಗಂಟು ಬಿಚ್ಚಿದರು. ಪುಟ ತಿರುಗಿಸಿದರು. ಎಂದೂ ತೆರೆಯದ ಪುಟ ಬಿಡಿಸುವಾಗ ಬರುವ ಸಣ್ಣ ಸದ್ದು ಬಂತು. ನನ್ನ ಎಣಿಕೆ ಹನ್ನೊಂದಕ್ಕೆ ನಿಂತಿತು.

“ಇಷ್ಟು ಭಾರಕ್ಕೆ ಬೇರೆ ಯಾವುದೂ ಸಾಲದು” ಎಂದು ಅವರು ತಮ್ಮಷ್ಟಕ್ಕೇ ಅಂದುಕೊಂಡದ್ದು ಹತ್ತಿರ ಕೂತ ನನಗೆ ಕೇಳಿಸಿತು. “ಹತ್ತೊಂಬತ್ತನೆಯ ಸಂಧಿ.”

ನಾನು ಮನಸ್ಸಿನಲ್ಲೇ ಹನ್ನೆರಡು ಅಂದೆ, ಹದಿಮೂರು ಅಂದೆ. ತೆಂಗಿನಕಾಯಿ ನೆನೆದೆ. ಹಂಚು ನೆನೆದೆ. ನೇಮಣ್ಣನವರು ಕಣ್ಣು ಮುಚ್ಚಿ ಎತ್ತಿಕೊಂಡರು: “ಹೊರೆಯ ಕೆಳಗಿನ ಮೊಗವ ಕಂಡಳು, ಕರೆಯಲಮ್ಮದೆ ನಿಂದು ನೋಡಿದಳರಸುಗುವರಿಯು ತಂದೆ ಹೊತ್ತಿಹ ತನ್ನ ಪೆಟ್ಟಿಗೆಯ.”

ಕಂಡಳು! ಮಗಳು ಕಂಡೇಬಿಟ್ಟಳು. ಅವಳು ಕಾಣುವುದಿಲ್ಲ ಎಂದೇ ನಾನು ನಲವತ್ತು ವರ್ಷ ಅಂದುಕೊಂಡಿದ್ದೆ. ಅಪ್ಪಾ ಎಂದು ಕರೆದರೆ ಸುತ್ತ ನಿಂತ ಶತ್ರುವಿನ ಆಳುಗಳಿಗೆ ಅವನ ಗುರುತು ಸಿಕ್ಕುತ್ತದೆ. ಸುಮ್ಮನಿದ್ದರೆ ಅಪ್ಪ ತನ್ನ ಪೆಟ್ಟಿಗೆ ಹೊತ್ತು ಹೋಗುತ್ತಾನೆ. ಆ ಹುಡುಗಿ ಇನ್ನೇನು ಮಾಡುತ್ತಾಳೆ? ಕಂಬ, ಹಂಚು, ತೆಂಗಿನಕಾಯಿ ಎಲ್ಲಿ ಹೋದವೋ. ಕೆಸರು ಬಾಯಿ ಬಿಟ್ಟ ಸದ್ದು ಕೇಳಿ ಕಣ್ಣು ತೆರೆದೆ. ಮಂಜಿ ಎದ್ದಿತ್ತು. ಎಂಟು ಜನ ಅದನ್ನು ಎತ್ತಿದ್ದರು ಎನ್ನುವುದು ತಪ್ಪು. ಅದು ಹಾರಿಹೋಗದ ಹಾಗೆ ಹಿಡಿದುಕೊಂಡಿದ್ದರು. ಜನ ಚಪ್ಪಾಳೆ ತಟ್ಟಿದರು. ಅಟ್ಟದ ಅಂಚಿನಲ್ಲಿ ಗಂಜಿಯ ಸೌಟು ಹಿಡಿದ ಐತಪ್ಪನ ಮುಖ ಕಾಣಿಸಿತು.

“ದೇಯಕ್ಕಾ!” ಎಂದು ಕೂಗಿದ. “ಬೀಗ ಹಾಕಲಿಕ್ಕೆ ಹೇಳಿದ್ದಲ್ವಾ ನಿನಗೆ! ಬಸಳೆಯೂ ತಿಂದು ಕೇಳ್ತೀಯಲ್ಲ!”

ನಾನು ಬಾಯಿ ತೆರೆಯುವ ಹಾಗಿಲ್ಲ. ಮುಗಿದ ಕೈಯನ್ನು ಅವನ ಕಡೆಗೆ ತಿರುಗಿಸಿ ಇನ್ನಷ್ಟು ಮುಗಿದೆ. ನನ್ನ ಕೆನ್ನೆ ಒದ್ದೆಯಾಗಿರುವುದು ಅವನಿಗೆ ಕಂಡಿರಬೇಕು. ಹಮಾಲರು ಇಳಿಜಾರು ಹತ್ತುತ್ತಿದ್ದರು. ಐತಪ್ಪ ಹಿಂದೆ ನೋಡಿದ, ಮುಂದೆ ನೋಡಿದ, ಕೆಳಗಿನ ಎಂಟು ಮುಂಡಾಸುಗಳನ್ನು ನೋಡಿದ. ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಸರಿ” ಅಂದ. “ಕೇಳುವುದಾದರೆ ಚಂದ ಮಾಡಿ ಕೇಳು!”

ಇಳಿಜಾರಿನ ತಲೆ ಬಂತು. “ಬಲಕ್ಕೆ ಬನ್ನಿ, ಬಲಕ್ಕೆ” ಎಂದಳು ಶರ್ಮಿಷ್ಠಾ ಮೈಕಿನಲ್ಲಿ. ಅದೇ ಹೊತ್ತಿಗೆ ಮೇಲಿನಿಂದ ನಲವತ್ತು ವರ್ಷದ ಹಳೆಯ ಕೂಗು ಬಂತು: “ಹೋ, ಎಡಕ್ಕೇ!” ಎಂಟು ಮುಂಡಾಸುಗಳು ಬಲಕ್ಕೆ ತಿರುಗಿದವು, ಹದಿನಾರು ಕಾಲುಗಳು ಎಡಕ್ಕೆ ತಿರುಗಿದವು.

“ಅಲ್ಲ ಅಲ್ಲ, ಈ ಕಡೆ!” ಎಂದಳು ಅವಳು.

“ನಮಗೂ ಗೊತ್ತುಂಟು ಮೇಡಂ” ಎಂದು ಮುಂದಿನ ತೊಲೆಯ ದೂಮಣ್ಣ ಹೋಗುತ್ತಲೇ ಕೂಗಿದ. “ಕಾಲಿಗೆ ಹೇಳಿ!”

ನೇಮಣ್ಣನವರು ಕಣ್ಣು ಮುಚ್ಚಿಕೊಂಡೇ ಇದ್ದರು. ಸಂಧಿಯಲ್ಲಿ ಮಗಳು ಹತ್ತಿರ ಬಂದು, ಯಾರಿಗೂ ಕಾಣದಂತೆ ಪೆಟ್ಟಿಗೆಯ ಅಡಿಗೆ ತಾನೂ ಒಂದು ಕೈ ಕೊಟ್ಟಿದ್ದಳು. ಹಮಾಲರು ಜಾರಿನಲ್ಲಿ ಇಳಿದರು, ಮೊಣಕಾಲು ನೀರು, ಸೊಂಟದ ನೀರು. ಐತಪ್ಪ “ಬಿಡೀ!” ಎಂದ. ಬಿಟ್ಟರು. ಮಂಜಿ ಹೊಳೆಯ ಮೇಲೆ ಒಂದು ಎಲೆಯ ಹಾಗೆ ಕೂತು, ಬೆಳಗಿನ ಗಾಳಿಗೆ ಆಚೆ ದಡದ ಕಡೆಗೆ ಹೊರಟಿತು. ಆ ದಡ ಮೀನುಗಾರರದು, ಕಂಪನಿಯದಲ್ಲ. ಐತಪ್ಪ ಹಳೆಯ ಲುಂಗಿಯೊಂದನ್ನು ಹಾಯಿಯಂತೆ ಬಿಚ್ಚಿ ಹಿಡಿದಿದ್ದ. ಕುರ್ಚಿಯಲ್ಲಿದ್ದ ದೊಡ್ಡವರು ಇದೂ ಕಾರ್ಯಕ್ರಮದ ಭಾಗವೇ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಶರ್ಮಿಷ್ಠಾ ನೇಮಣ್ಣನವರ ತೋಳು ಹಿಡಿದು ಅಲುಗಿಸಿದಳು. ಓದಿನಲ್ಲಿರುವಾಗ ಅವರ ಮನೆಗೆ ಬೆಂಕಿ ಬಿದ್ದರೂ ಅವರಿಗೆ ತಿಳಿಯುವುದಿಲ್ಲ. ಅವಳು ಓಡಿ ಬಂದು ನನ್ನ ಮುಂದೆ ಮಂಡಿಯೂರಿದಳು. ಚಪ್ಪಲಿ ಎಲ್ಲೋ ಬಿಟ್ಟಿದ್ದಳು.

“ಮೇಡಂ, ಪ್ಲೀಸ್. ನೀವು ಕೇಳೋದು ನಿಲ್ಲಿಸಿ.” ಹೊಳೆಯಲ್ಲಿ ತೇಲುವ ಕೆಂಪು ಪೀಪಾಯಿಗಳ ಸಾಲನ್ನು ತೋರಿಸಿದಳು. “ಅದು ನಮ್ಮ ಗಡಿ, ದಾಟಿದ್ರೆ ನಮ್ದಲ್ಲ. ಬೋಟು ಇನ್ನೂ ಒಳಗಿದೆ, ಅಲ್ಲೆಲ್ಲ ಹೂಳು. ಈಗ ಭಾರ ಆದ್ರೆ ಅಲ್ಲೇ ಕೂರುತ್ತೆ, ಹಗ್ಗ ಹಾಕಿ ಎಳ್ಕೋತೀವಿ. ಆತನಿಗೆ ಏನೂ ಆಗಲ್ಲ, ಅಲ್ಲಿ ನೀರು ಮೊಣಕಾಲಿಗೂ ಬರಲ್ಲ. ಐದು ನಿಮಿಷ, ಮೇಡಂ. ಐದೇ ನಿಮಿಷ ಕೇಳಬೇಡಿ. ನನ್ನ ಕೆಲಸ ಹೋಗುತ್ತೆ.”

ಅವಳು ಹೇಳಿದ್ದೆಲ್ಲ ನಿಜ. ಕೇಳದಿರುವ ಅಭ್ಯಾಸವೂ ನನಗೆ ಈಗ ಇತ್ತು. ಕಂಬಗಳು ಅಲ್ಲೇ ನಿಂತಿದ್ದವು, ಹದಿಮೂರರವರೆಗೆ ಎಣಿಸಿಯೂ ಆಗಿತ್ತು. ಪೀಪಾಯಿಗೂ ಮಂಜಿಗೂ ಇನ್ನು ಹತ್ತು ಮಾರು. ಸಂಧಿಯಲ್ಲಿ ಮಗಳು ಯಾವನೋ ಕೂಲಿಯನ್ನು ಕೇಳುವ ಹಾಗೆ, “ಭಾರವಾಯಿತೇನಯ್ಯ?” ಎಂದು ಕೇಳಿದ್ದಳು. ಅರಸ ಇನ್ನೂ ಉತ್ತರ ಕೊಟ್ಟಿರಲಿಲ್ಲ.

ನಾನು ಶರ್ಮಿಷ್ಠಾಳ ಕೈಯನ್ನು ನನ್ನ ಮಂಡಿಯ ಮೇಲಿಂದ ಮೆಲ್ಲಗೆ ತೆಗೆದಿಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ, ಓದು ನಡೆಯುತ್ತಿರುವಾಗ ಬಾಯಿ ತೆರೆದೆ.

“ಇಲ್ಲ” ಅಂದೆ.